ಮೇಣದ ಹಾಳೆ, ಪ್ಲಾಸ್ಟಿಕ್ ಹಾಳೆ, ಖಾಲಿ ಫ್ರೇಮು: ಮೂರನ್ನೂ ಒಂದೇ ಜೇನುಪೆಟ್ಟಿಗೆಗೆ ಹಾಕಿ ನೋಡಿದೆ

ಜೇನುಪೆಟ್ಟಿಗೆಯ ಫ್ರೇಮಿಗೆ, ಅಂದರೆ ಒಳಗಿನ ಮರದ ಚೌಕಟ್ಟಿಗೆ, ಕೂರಿಸಲು ನಾನು ತರಿಸಿದ, ಕಣಗಳ ಅಚ್ಚು ಒತ್ತಿದ ಮೇಣದ ಹಾಳೆಗಳ ಕಟ್ಟಿನ ಮೇಲೆ ಒಂದು ಸಾಲು ಅಚ್ಚಾಗಿತ್ತು. ಇದನ್ನು ಫ್ರೇಮಿಗೆ ಹಾಕಿದರೆ ನಿಮ್ಮ ಜೇನು ಸರಿಯಾದ ಆರು ಮೂಲೆಯ ಕಣ ಕಟ್ಟುತ್ತದೆ ಅಂತ. ಅದನ್ನು ಓದಿದ ಮೇಲೆ ನನಗೆ ಸುಮ್ನೆ ಕೂರಲು ಆಗಲಿಲ್ಲ. ಹಾಳೆ ಇಲ್ಲದಿದ್ದರೆ ಕಟ್ಟುವುದಿಲ್ಲವಾ? ಮರದ ಪೊಟರೆಯೊಳಗೆ ಅವಕ್ಕೆ ಹಾಳೆ ಕೊಟ್ಟವರು ಯಾರು?

ಹಾಗಾಗಿ ಒಂದೇ ಪೆಟ್ಟಿಗೆಯಲ್ಲಿ, ಒಂದೇ ಹೂವಿನ ಕಾಲದಲ್ಲಿ, ಮೂರು ಬಗೆಯ ಫ್ರೇಮು ಇಟ್ಟು ನೋಡಿದೆ. ಒಂದಕ್ಕೆ ಜೇನುಮೇಣದ ಹಾಳೆ. ಒಂದಕ್ಕೆ ಪ್ಲಾಸ್ಟಿಕ್ ಹಾಳೆ. ಇನ್ನೊಂದು ಖಾಲಿ, ಅದರ ಮೇಲಿನ ಪಟ್ಟಿಗೆ ಮಾತ್ರ ಬೆರಳಗಲದ ಮೇಣದ ಚೂರು ಅಂಟಿಸಿದ್ದೆ. ಮೂರನ್ನೂ ಆಗಲೇ ಕಟ್ಟಿ ಮುಗಿದ ಎರಿಗಳ (ಮೇಣದ ಕಣಗಳ ಹಲಗೆಗಳ) ನಡುವೆ ಒಂದೊಂದಾಗಿ ಸೇರಿಸಿದೆ. ನನ್ನದು ಮೆಲ್ಲಿಫೆರಾ, ಅಂದರೆ ಯುರೋಪಿನ ಮೂಲದ ಜೇನು, ಹಾಳೆಯ ಅಚ್ಚೂ ಅದಕ್ಕೇ ಮಾಡಿದ್ದು, ಒಂದೊಂದು ಕಣ ಸುಮಾರು 5.4 ಮಿ.ಮೀ. ಅಗಲ. ತುಡುವೆ, ಅಂದರೆ ನಮ್ಮ ನಾಡಿನ ಪೆಟ್ಟಿಗೆ ಜೇನು, ಸಾಕುವವರು ಇದನ್ನು ಮೊದಲೇ ಗಮನಿಸಬೇಕು. ತುಡುವೆ ಚಿಕ್ಕ ಹುಳು, ಅದರ ಕಣವೂ ಚಿಕ್ಕದು. ಮೆಲ್ಲಿಫೆರಾ ಅಚ್ಚಿನ ಹಾಳೆ ಅದಕ್ಕೆ ಹೊಂದುವುದಿಲ್ಲ.

ಮೊದಲು ಮೇಣದ ಹಾಳೆಯ ವಿಷಯ. ಪೆಟ್ಟಿಗೆಗೆ ಹಾಕುವ ಮುಂಚೆ ಒಂದು ಹಾಳೆಯನ್ನು ಕಿಟಕಿ ಬೆಳಕಿಗೆ ಹಿಡಿದು ನಿಧಾನವಾಗಿ ನೋಡಿ. ದೂರದಿಂದ ಆರು ಮೂಲೆಯ ಗೆರೆಗಳು ಅನ್ನಿಸುತ್ತದೆ. ಹತ್ತಿರದಿಂದ ನೋಡಿದರೆ ಪ್ರತಿ ಕಣದ ತಳ ಚಪ್ಪಟೆ ಇಲ್ಲ. ಇಸ್ಪೀಟಿನ ಡೈಮಂಡ್ ಆಕಾರದ ಮೂರು ಹಲಗೆಗಳು ಒಂದು ಕಡೆ ಕೂಡಿ, ಸಣ್ಣ ಬಟ್ಟಲಿನ ಹಾಗೆ ಒಳಕ್ಕೆ ತಗ್ಗಾಗಿವೆ. ಒಂದು ಗುಂಡುಸೂಜಿ ತೆಗೆದುಕೊಂಡು ಒಂದು ಕಣದ ನಟ್ಟನಡುವೆ ಚುಚ್ಚಿ. ಆ ಕಡೆ ತಿರುಗಿಸಿದರೆ ಸೂಜಿಯ ಮೊನೆ ಯಾವ ಕಣದ ನಡುವೆಯೂ ಬಂದಿರುವುದಿಲ್ಲ, ಮೂರು ಕಣಗಳ ಗೋಡೆ ಸೇರುವ ಮೂಲೆಯಲ್ಲೇ ಬಂದಿರುತ್ತದೆ. ಅಂದರೆ ಈ ಬದಿಯ ಒಂದು ಕಣ ಆ ಬದಿಯ ಮೂರು ಕಣಗಳಿಗೆ ಬೆನ್ನು ಕೊಟ್ಟು ನಿಂತಿದೆ. ಎರಡೂ ಬದಿಯ ಕಣಗಳು ಹೀಗೆ ಒಂದರೊಳಗೊಂದು ಸಿಕ್ಕಿಸಿಕೊಂಡಿರುವುದರಿಂದಲೇ ಅಷ್ಟು ತೆಳು ಎರಿ ಅಷ್ಟು ಭಾರ ತಡೆಯುತ್ತದೆ. ನಾನು ಈ ಸೂಜಿ ಪರೀಕ್ಷೆ ಮಾಡಿದ ದಿನ ಐದಾರು ಹಾಳೆ ತೂತು ಮಾಡಿದ್ದೇನೆ, ಬೇಸರವಿಲ್ಲ.

ಈ ತಳದ ಲೆಕ್ಕಕ್ಕೆ ಒಂದು ಒಳ್ಳೆಯ ಕಥೆ ಇದೆ. 1712ರಲ್ಲಿ ಮರಾಲ್ಡಿ ಅನ್ನುವವರು ಆ ಡೈಮಂಡ್ ಹಲಗೆಯ ಅಗಲದ ಕೋನ 109 ಡಿಗ್ರಿ 28 ಮಿನಿಟು (ಒಂದು ಮಿನಿಟು ಅಂದರೆ ಡಿಗ್ರಿಯ ಅರವತ್ತನೇ ಒಂದು ಭಾಗ) ಅಂತ ಬರೆದರು. ಆಮೇಲೆ ರಿಯೂಮರ್ ಅನ್ನುವ ವಿಜ್ಞಾನಿ ಕೋನಿಗ್ ಎಂಬ ಗಣಿತಜ್ಞರಿಗೆ ಒಂದು ಪ್ರಶ್ನೆ ಹಾಕಿದರು. ಮೂರು ಹಲಗೆಯ ತಳ ಇರುವ ಕಣಕ್ಕೆ ಅತಿ ಕಡಿಮೆ ಮೇಣ ಸಾಕಾಗಬೇಕಾದರೆ ಕೋನ ಎಷ್ಟಿರಬೇಕು? ಎರಿಯನ್ನು ಅಳೆಯದೆ, ಬರೀ ಲೆಕ್ಕ ಹಾಕಿ ಅವರು ಕೊಟ್ಟ ಉತ್ತರ 109 ಡಿಗ್ರಿ 26 ಮಿನಿಟು. ಎರಡು ಮಿನಿಟಿನ ಆ ತಪ್ಪು ಕೋನಿಗ್ ಅವರ ಲೆಕ್ಕದ್ದೇ ಅಂತ ಆಮೇಲೆ ಗೊತ್ತಾಯಿತು. ಆದರೆ ಇಲ್ಲಿಗೇ ನಿಲ್ಲಿಸಿ ಜೇನು ದೊಡ್ಡ ಗಣಿತಜ್ಞ ಅಂದುಬಿಡುವುದು ನನಗೆ ಒಪ್ಪಿಗೆ ಇಲ್ಲ. 1960ರ ದಶಕದಲ್ಲಿ ಫೆಯೇಶ್ ಟೋಟ್ ಎಂಬ ಹಂಗೇರಿಯ ಗಣಿತಜ್ಞರು ಇದಕ್ಕಿಂತ ಚೂರು ಕಡಿಮೆ ಮೇಣ ಸಾಕಾಗುವ ಬೇರೊಂದು ತಳದ ಆಕಾರ ತೋರಿಸಿದರು. ಉಳಿತಾಯ ತೀರಾ ಸಣ್ಣದು, ನೂರಕ್ಕೆ ಅರ್ಧ ಪಾಲೂ ಇಲ್ಲ. ಅದೂ ಅಲ್ಲದೆ ನಿಜವಾದ ಎರಿಯಲ್ಲಿ ಕೋನಗಳು ಕಣದಿಂದ ಕಣಕ್ಕೆ ಅಷ್ಟಿಷ್ಟು ಬದಲಾಗುತ್ತವೆ. ನಾನು ಹಾಳೆ ಮತ್ತು ನನ್ನ ಪೆಟ್ಟಿಗೆಯ ಎರಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಹಾಳೆಯ ಅಚ್ಚು ಎಲ್ಲ ಕಡೆ ಒಂದೇ ಥರ. ಎರಿ ಹಾಗಿಲ್ಲ.

ಮೇಣದ ಹಾಳೆಯನ್ನು ಹುಳುಗಳು ಬೇಗ ಒಪ್ಪಿಕೊಂಡವು. ಎರಡನೇ ದಿನ ನೋಡಿದಾಗ ಹಾಳೆಯ ಮೇಲೆ ಗೋಡೆ ಏಳಲು ಶುರುವಾಗಿತ್ತು. ಹಾಳೆಯ ಮೇಣವನ್ನೇ ಕೆರೆದು ಎತ್ತಿ ಗೋಡೆಗೆ ಬಳಸುತ್ತವೆ, ಸಾಲದ್ದಕ್ಕೆ ತಮ್ಮದನ್ನು ಸೇರಿಸುತ್ತವೆ. ಅದಕ್ಕೇ ಹಾಳೆ ತೀರಾ ತೆಳುವಾಗಿದ್ದರೆ ಅಷ್ಟು ಪ್ರಯೋಜನವಿಲ್ಲ. ಹುಳುಗಳ ಹೊಟ್ಟೆಯ ಅಡಿಯಲ್ಲಿ ಮೇಣದ ಗ್ರಂಥಿ ನಾಲ್ಕು ಜೊತೆ ಇರುತ್ತವೆ, ಸಾಮಾನ್ಯವಾಗಿ 12ರಿಂದ 18 ದಿನದ ಪ್ರಾಯದ ಹುಳುಗಳಲ್ಲಿ ಅವು ಚೆನ್ನಾಗಿ ಕೆಲಸ ಮಾಡುತ್ತವೆ. ಮೇಣ ಪುಟ್ಟ ಪುಟ್ಟ ಪೊರೆಯಾಗಿ ಹೊರಬರುತ್ತದೆ. ಒಂದು ಕಿಲೋ ಮೇಣ ಮಾಡಲು ಹಲವು ಕಿಲೋ ಜೇನುತುಪ್ಪ ತಿನ್ನಬೇಕು. ಹಾಗಿರುವಾಗ ಮೇಣ ಉಳಿಸುವುದು ಅವಕ್ಕೆ ಜೀವನದ ಪ್ರಶ್ನೆಯೇ ಅಲ್ವಾ? ಹಾಳೆ ಕೊಡುವುದರಿಂದ ಆ ಖರ್ಚಿನಲ್ಲಿ ಒಂದು ಭಾಗ ತಪ್ಪುತ್ತದೆ. ಹಾಳೆಯ ನಿಜವಾದ ಉಪಕಾರ ಇದೇ. ಕಟ್ಟಿನ ಮೇಲೆ ಇದನ್ನು ಅಚ್ಚು ಹಾಕಿದ್ದರೆ ನಾನು ಒಂದು ಮಾತೂ ಆಡುತ್ತಿರಲಿಲ್ಲ.

ಎರಡನೇ ಉಪಕಾರ ನೇರ ಎರಿ. ಫ್ರೇಮಿನ ನಟ್ಟನಡುವೆ, ಒಂದು ಕಡೆಯೂ ವಾಲದೆ ಎದ್ದಿತು. ಎರಿಗಳ ಮುಂದೆ ಓಡಾಟಕ್ಕೆ ಹುಳುಗಳು ಬಿಟ್ಟುಕೊಳ್ಳುವ ಸಂದು 6ರಿಂದ 9 ಮಿ.ಮೀ. ಇದನ್ನು ಗಮನಿಸಿಯೇ 1851ರಲ್ಲಿ ಅಮೆರಿಕದ ಲ್ಯಾಂಗ್‌ಸ್ಟ್ರಾತ್ ಅವರು ಎತ್ತಿ ತೆಗೆಯಬಹುದಾದ ಫ್ರೇಮಿನ ಪೆಟ್ಟಿಗೆ ಮಾಡಿದ್ದು. ಆರು ವರ್ಷಕ್ಕೆ, 1857ರಲ್ಲಿ, ಜರ್ಮನಿಯ ಮೇರಿಂಗ್ ಅವರು ಅಚ್ಚು ಒತ್ತಿದ ಮೇಣದ ಹಾಳೆ ಮಾಡಿದರು. ಎರಿ ಸೊಟ್ಟಗಾಗಿ ಪಕ್ಕದ ಫ್ರೇಮಿಗೆ ಅಂಟಿಕೊಂಡರೆ ಎತ್ತಿ ತೆಗೆಯುವ ಪೆಟ್ಟಿಗೆ ಇದ್ದೂ ಇಲ್ಲದ ಹಾಗೆ. ಆ ತೊಂದರೆಗೆ ಹಾಳೆ ಒಳ್ಳೆಯ ಪರಿಹಾರ.

ಈಗ ದೂರು. ಇದಕ್ಕೂ ಮುಂಚೆ ಬೇರೊಬ್ಬ ಮಾರಾಟಗಾರರಿಂದ ತರಿಸಿದ ಕಟ್ಟು ನನ್ನನ್ನು ತುಂಬ ನೋಯಿಸಿತು. ಬಿಚ್ಚಿದಾಗಲೇ ಜೇನಿನ ಘಮ ಇರಲಿಲ್ಲ, ಅಗ್ಗದ ಮೇಣದಬತ್ತಿಯ ವಾಸನೆ. ಆದರೂ ಹಾಕಿದೆ, ಹಾಕಬಾರದಿತ್ತು. ಮರಿ ಇರುವ ಜಾಗದಲ್ಲಿ ಹುಳುಗಳು 34-35 ಡಿಗ್ರಿ ಶಾಖ ಕಾಪಾಡುತ್ತವೆ. ಅಪ್ಪಟ ಜೇನುಮೇಣ ಕರಗುವುದು 62-64 ಡಿಗ್ರಿಗೆ, ಆದ್ದರಿಂದ ಅದು ಅಲ್ಲಿ ಮೆತ್ತಗಾದರೂ ನಿಲ್ಲುತ್ತದೆ. ಈ ಹಾಳೆ ನಿಲ್ಲಲಿಲ್ಲ. ಫ್ರೇಮಿಗೆ ಬಿಗಿದಿದ್ದ ತಂತಿಯಿಂದ ಜಾರಿ ಕೆಳಗೆ ಜೋತುಬಿತ್ತು, ಅಚ್ಚಿನ ಕಣಗಳು ಉದ್ದುದ್ದ ಎಳೆದುಕೊಂಡವು. ಹಿಗ್ಗಿದ ಕಣಗಳಲ್ಲಿ ಗಂಡು ಜೇನಿನ ಮರಿಗಳೇ ತುಂಬಿಕೊಂಡವು. ರಾಣಿ ಮೊಟ್ಟೆ ಇಡುವ ಮುಂಚೆ ಮುಂಗಾಲು ಹಾಕಿ ಕಣದ ಅಗಲ ಅಳೆಯುತ್ತದೆ, ಅಗಲ ಜಾಸ್ತಿ ಇದ್ದರೆ ಗಂಡಾಗುವ ಮೊಟ್ಟೆ ಇಡುತ್ತದೆ. ಹಾಳೆಯಲ್ಲಿ ಆದ ಒಂದು ಮಿಲಿಮೀಟರಿನ ಹೆಚ್ಚುಕಡಿಮೆ ಇಡೀ ಸಂಸಾರದ ಲೆಕ್ಕ ತಪ್ಪಿಸಿತು. ಮಾರಿದವರು ಹಣ ವಾಪಸು ಕೊಟ್ಟರು ನಿಜ. ಕಳೆದುಹೋದ ಆ ಹೂವಿನ ಕಾಲ ವಾಪಸು ಬರಲಿಲ್ಲ. ಹಾಳೆ ಕೈಗೆ ಬಂದ ಕೂಡಲೇ ಮೂಸಿ ನೋಡಿ. ಅಪ್ಪಟ ಮೇಣವಾದರೆ ಬಿಚ್ಚಿದ ಕೂಡಲೇ ಮೂಗಿಗೆ ಗೊತ್ತಾಗುತ್ತದೆ.

ಪ್ಲಾಸ್ಟಿಕ್ ಹಾಳೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗಟ್ಟಿ, ಜೋತುಬೀಳುವುದಿಲ್ಲ, ಮೇಣದ ಹುಳು (ಎರಿ ತಿನ್ನುವ ಪತಂಗದ ಮರಿ) ಬಿದ್ದರೂ ಎರಿಯನ್ನು ಕೆರೆದು ತೆಗೆದು ಮತ್ತೆ ಬಳಸಬಹುದು. ಆದರೆ ನನ್ನ ಹುಳುಗಳು ಒಂಬತ್ತು ದಿನ ಅದನ್ನು ಮುಟ್ಟಲೇ ಇಲ್ಲ. ಆಮೇಲೆ ಮುಟ್ಟಿದ್ದೂ ಹಾಳೆಯನ್ನಲ್ಲ, ಅದರ ಮುಂದಿನ ಸಂದಿನಲ್ಲಿ ತಮ್ಮದೇ ಪುಟ್ಟ ಎರಿಯೊಂದನ್ನು ಬೇರೆಯಾಗಿ ಇಳಿಬಿಟ್ಟವು. ಆರು ಮೂಲೆಯ ಅಚ್ಚು ಕಣ್ಣೆದುರಿಗೇ ಇತ್ತು, ಬಟ್ಟಲು ಬಟ್ಟಲಾಗಿ, ಒಂದಿಷ್ಟೂ ತಪ್ಪಿಲ್ಲದೆ. ಅದನ್ನು ಬಿಟ್ಟು ಪಕ್ಕದ ಖಾಲಿ ಗಾಳಿಯಲ್ಲಿ ಸ್ವಂತ ಷಡ್ಭುಜ ಕಟ್ಟಿದವು! ಕರಗಿಸಿದ ಮೇಣವನ್ನು ಬ್ರಷ್ಷಿನಲ್ಲಿ ಬಳಿದು ಮತ್ತೆ ಇಟ್ಟ ಮೇಲೆ ಒಪ್ಪಿದವು. ಅವುಗಳಿಗೆ ಬೇಕಾಗಿದ್ದು ಮೇಣ, ಆಕಾರವನ್ನು ಅವೇ ತರುತ್ತವೆ ಅಂತ ನನಗೆ ಖಾತ್ರಿಯಾಗಿದ್ದು ಅಲ್ಲೇ.

ಖಾಲಿ ಫ್ರೇಮಿನ ವಿಷಯಕ್ಕೆ ಬರುತ್ತೇನೆ. ನಾನು ಈ ವಿಮರ್ಶೆ ಬರೆಯುತ್ತಿರುವುದೇ ಇದರಿಂದಾಗಿ.

ಮೂರನೇ ದಿನ ಮುಚ್ಚಳ ತೆಗೆದಾಗ ಹುಳುಗಳು ಕಾಲಿಗೆ ಕಾಲು ಕೊಂಡಿ ಹಾಕಿಕೊಂಡು ಸರಪಳಿಯ ಹಾಗೆ ಮೇಲಿನ ಪಟ್ಟಿಯಿಂದ ಕೆಳಗಿನವರೆಗೆ ನೇತಾಡುತ್ತಿದ್ದವು. ಹೊಗೆ ಹಾಕದೆ, ಉಸಿರು ಬಿಗಿಹಿಡಿದು, ಆ ಪರದೆ ಹರಿಯದ ಹಾಗೆ ಫ್ರೇಮು ಎತ್ತಿದೆ. ಮೇಲಿನಿಂದ ನಾಲಿಗೆಯ ಆಕಾರದ ಎರಡು ಬಿಳಿ ತುಣುಕು ಇಳಿದಿದ್ದವು, ಎರಡಕ್ಕೂ ನಡುವೆ ನಾಲ್ಕು ಬೆರಳಿನ ಅಂತರ. ಹೊಸ ಮೇಣ ಎಷ್ಟು ಬಿಳಿ ಅಂದರೆ ಹಳೆಯ ಕಂದು ಎರಿ ನೋಡಿದವರು ಇದೂ ಅದೇ ವಸ್ತು ಅಂತ ನಂಬುವುದಿಲ್ಲ. ಭೂತಗನ್ನಡಿ ಹಿಡಿದು ಅಂಚು ನೋಡಿದೆ. ಅಂಚಿನಲ್ಲಿರುವ, ಇನ್ನೂ ಅರ್ಧ ಎದ್ದಿರುವ ಕಣಗಳಿಗೆ ಆರು ಮೂಲೆ ಇಲ್ಲ! ಹೊರಬದಿ ದುಂಡಗೆ, ಬಟ್ಟಲಿನ ಅಂಚಿನ ಹಾಗೆ. ಪಕ್ಕದಲ್ಲಿ ಇನ್ನೊಂದು ಕಣ ಎದ್ದ ಕಡೆ ಮಾತ್ರ ಗೋಡೆ ನೇರವಾಗಿದೆ. ಒಳಗೆ ಹೋದ ಹಾಗೆ ಸುತ್ತ ಆರು ನೆರೆಯವರು ಸಿಕ್ಕ ಕಣಗಳು ಆರು ನೇರ ಗೋಡೆಯವು.

ಯಾಕೆ ಆರು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಇಲ್ಲ. ಒಂದೇ ಅಳತೆಯ ನಾಣ್ಯಗಳನ್ನು ಮೇಜಿನ ಮೇಲೆ ಒತ್ತೊತ್ತಾಗಿ ಜೋಡಿಸಿ. ಒಂದರ ಸುತ್ತ ಆರೇ ಹಿಡಿಸುತ್ತವೆ, ಏಳನೆಯದಕ್ಕೆ ಜಾಗವಿಲ್ಲ. ನಾಣ್ಯಗಳ ನಡುವೆ ಮೂರು ಮೂಲೆಯ ಸಂದು ಉಳಿಯುತ್ತದೆ. ಪ್ರತಿ ಹುಳು ತನ್ನ ದುಂಡು ಕಣ ಕಟ್ಟಿಕೊಂಡರೆ ಆ ಸಂದುಗಳಿಗೆಲ್ಲ ಮೇಣ ತುಂಬಬೇಕು, ಜಾಗವೂ ಹಾಳು. ಸಂದೇ ಇಲ್ಲದೆ, ಒಂದೇ ಅಳತೆಯ ಒಂದೇ ಆಕಾರವನ್ನು, ಎಲ್ಲ ಬದಿಯೂ ಸಮ ಇರುವಂಥದ್ದನ್ನು ಜೋಡಿಸಬೇಕಾದರೆ ಮೂರೇ ದಾರಿ: ಮೂರು ಬದಿ, ನಾಲ್ಕು ಬದಿ, ಆರು ಬದಿ. ಅಷ್ಟೇ ಜಾಗ ಸುತ್ತುವರಿಯಲು ಚೌಕಕ್ಕೆ ಆರು ಬದಿಯದಕ್ಕಿಂತ ಸುಮಾರು ನೂರಕ್ಕೆ 7ರಷ್ಟು ಜಾಸ್ತಿ ಗೋಡೆ ಬೇಕು, ತ್ರಿಕೋನಕ್ಕೆ ಸುಮಾರು ನೂರಕ್ಕೆ 22ರಷ್ಟು ಜಾಸ್ತಿ. ಜೊತೆಗೆ ಒಳಗೆ ಬೆಳೆಯುವ ಮರಿಹುಳು ದುಂಡಗಿರುತ್ತದೆ. ತ್ರಿಕೋನದ ಮನೆಯಲ್ಲಿ ಅದಕ್ಕೆ ಮೂಲೆಗಳೆಲ್ಲ ವ್ಯರ್ಥ.

ಇದು ಹೊಸ ಮಾತೇನಲ್ಲ. ರೋಮಿನ ಲೇಖಕ ವಾರೋ ಎರಡು ಸಾವಿರ ವರ್ಷದ ಹಿಂದೆಯೇ ಜೇನು ಕಣದ ಆರು ಮೂಲೆಗೂ ಜಾಗದ ಲೆಕ್ಕಕ್ಕೂ ಗಂಟು ಹಾಕಿದ್ದರು. ಯಾವ ಆಕಾರ ತಂದರೂ, ಬಾಗಿದ ಗೋಡೆ ತಂದರೂ, ಸಮ ಅಳತೆಯ ಕೋಣೆಗಳಿಗೆ ಷಡ್ಭುಜಕ್ಕಿಂತ ಕಡಿಮೆ ಗೋಡೆ ಸಾಧ್ಯವಿಲ್ಲ ಅಂತ ಪೂರ್ತಿಯಾಗಿ ಸಾಧಿಸಿ ತೋರಿಸಲು 1999ರವರೆಗೆ ಕಾಯಬೇಕಾಯಿತು. ಅದನ್ನು ಮಾಡಿದವರು ಗಣಿತಜ್ಞ ಥಾಮಸ್ ಹೇಲ್ಸ್. ಕಣದ ಗೋಡೆ ಎಷ್ಟು ತೆಳು ಅಂದರೆ ಮಿಲಿಮೀಟರಿನ ಹತ್ತನೇ ಒಂದು ಭಾಗವೂ ಇಲ್ಲ. ಸುಮಾರು 40 ಗ್ರಾಂ ಮೇಣದ ಎರಿ ಸುಮಾರು 2 ಕಿಲೋ ತುಪ್ಪ ಹೊರುತ್ತದೆ. ಕಣಗಳು ಬಾಯಿಯ ಕಡೆ ಸ್ವಲ್ಪ ಮೇಲಕ್ಕೆ, ಹತ್ತು ಡಿಗ್ರಿಯ ಆಸುಪಾಸು, ಓರೆಯಾಗಿರುತ್ತವೆ. ಖಾಲಿ ಫ್ರೇಮಿನ ಎರಿಯನ್ನು ಪಕ್ಕದಿಂದ ಕತ್ತರಿಸಿ ನೋಡಿದರೆ ಇದು ಚೆನ್ನಾಗಿ ಕಾಣುತ್ತದೆ.

ಹೇಗೆ ಮಾಡುತ್ತವೆ ಅನ್ನುವುದರಲ್ಲಿ ಇನ್ನೂ ಜಗಳವಿದೆ. ಹುಳುಗಳು ದುಂಡಗೆ ಕಟ್ಟಿ ಮೈಬಿಸಿಯಿಂದ ಮೇಣ ಕಾಯಿಸುತ್ತವೆ, ಮೆತ್ತಗಾದ ಮೇಣ ತಾನೇ ಎಳೆದುಕೊಂಡು ನೇರ ಗೋಡೆಯಾಗುತ್ತದೆ ಅಂತ 2013ರ ಒಂದು ಸಂಶೋಧನೆ ಹೇಳಿತು. ಹಾಗಲ್ಲ, ಹುಳುಗಳೇ ದವಡೆಯಿಂದ ಕೆತ್ತಿ ಒತ್ತಿ ಮಾಡುತ್ತವೆ ಅಂತ ಅದೇ ವರ್ಷ ಬೇರೆಯವರು ಬರೆದರು. ನನ್ನ ಒಲವು ಎರಡನೆಯದರ ಕಡೆ. ಕಡಜಗಳನ್ನೇ ನೋಡಿ. ಅವು ಮರದ ನಾರು ಅಗಿದು ಕಾಗದದಂಥ ವಸ್ತುವಿನಿಂದ ಗೂಡು ಕಟ್ಟುತ್ತವೆ, ಅಲ್ಲಿ ಕರಗಲು ಮೇಣವೇ ಇಲ್ಲ, ಆದರೂ ಕಣಕ್ಕೆ ಆರು ಮೂಲೆ. ಡಾರ್ವಿನ್ ಕೂಡ 1859ರಲ್ಲಿ ಬರೆದದ್ದು ಇದೇ ದಿಕ್ಕಿನಲ್ಲಿದೆ. ಅವರು ಗೂಡಿನೊಳಗೆ ಕೆಂಪು ಬಣ್ಣ ಹಾಕಿದ ತೆಳು ಮೇಣದ ಏಣನ್ನು ಇಟ್ಟಿದ್ದರು. ಹುಳುಗಳು ಎರಡೂ ಬದಿಯಿಂದ ಅದನ್ನು ಬಟ್ಟಲಿನ ಹಾಗೆ ಕೆರೆಯುತ್ತಾ ಬಂದವು, ನಡುವೆ ತೆಳು ಹಲಗೆ ಉಳಿದ ಕೂಡಲೇ ನಿಲ್ಲಿಸಿದವು. ತೂತು ಬೀಳುವ ಮುಂಚೆ ನಿಲ್ಲಿಸುವುದು ಗೊತ್ತು ನೋಡಿ! ಗೋಡೆ ಎಷ್ಟು ತೆಳುವಾಗಿದೆ ಅನ್ನುವುದನ್ನು ಕುಡಿಮೀಸೆ ತಾಗಿಸಿ ತಿಳಿಯುತ್ತವೆ. ನನ್ನ ಮೇಣದ ಹಾಳೆಯಲ್ಲೂ ಹೀಗೇ ಆಗಿತ್ತು. ಹಾಕುವಾಗ ದಪ್ಪಗಿದ್ದ ತಳ, ಎರಡು ವಾರದ ಮೇಲೆ ಬೆಳಕಿಗೆ ಹಿಡಿದರೆ ಎಷ್ಟೋ ತೆಳುವಾಗಿ ಹೊಳೆಯುತ್ತಿತ್ತು.

ಖಾಲಿ ಫ್ರೇಮಿನ ಆ ಎರಡು ನಾಲಿಗೆಗಳು ಹನ್ನೊಂದನೇ ದಿನ ಕೂಡಿಕೊಂಡವು. ಕೂಡಿದ ಗೆರೆಯ ಉದ್ದಕ್ಕೂ ಒಂದೊಂದೇ ಕಣ ಎಣಿಸಿದೆ. ಎರಡು ಕಡೆಯಿಂದ ಬಂದ ಸಾಲುಗಳು ಸರಿಯಾಗಿ ಎದುರುಬದುರು ಬಂದಿರಲಿಲ್ಲ, ಬರುವುದಾದರೂ ಹೇಗೆ? ಅಲ್ಲಿ ಐದು ಮೂಲೆಯ ಕಣಗಳಿವೆ, ಏಳು ಮೂಲೆಯವೂ ಇವೆ, ಹೆಚ್ಚಾಗಿ ಐದರ ಪಕ್ಕದಲ್ಲೇ ಏಳು. ಕೆಳಗಿನ ಮೂಲೆಯಲ್ಲಿ ಗಂಡು ಜೇನಿಗೆ ದೊಡ್ಡ ಕಣ ಕಟ್ಟಿದ್ದವು, 6 ಮಿ.ಮೀ. ದಾಟಿದವು. ಸಣ್ಣ ಕಣದಿಂದ ದೊಡ್ಡದಕ್ಕೆ ಹೋಗುವ ದಾರಿಯಲ್ಲಿ ಎರಡಕ್ಕೂ ನಡುವಿನ ಅಳತೆಯ ಕಣಗಳು. 2021ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನೇ ಸಾವಿರಾರು ಕಣ ಅಳೆದು ತೋರಿಸಿತ್ತು: ಸಾಲುಗಳು ಕೂಡುವ ಜಾಗಕ್ಕೆ ಬರುವ ಮುಂಚೆಯೇ ಹುಳುಗಳು ಕಣದ ಅಳತೆ, ಓರೆ ಎಲ್ಲ ಸ್ವಲ್ಪ ಸ್ವಲ್ಪ ಬದಲಿಸುತ್ತಾ ಬರುತ್ತವೆ ಅಂತ. ನನ್ನದೇ ಫ್ರೇಮಿನಲ್ಲಿ ಅದನ್ನು ಬೆರಳಿಟ್ಟು ನೋಡಿದಾಗ ಆದ ಖುಷಿ ಹೇಳಲು ಬರುವುದಿಲ್ಲ. ಅಚ್ಚಿನ ಹಾಳೆ ಹಾಕಿದ್ದರೆ ಈ ಜಾಣತನ ಒಂದಿಷ್ಟೂ ಕಾಣುತ್ತಿರಲಿಲ್ಲ, ಯಾಕೆಂದರೆ ಹೊಂದಿಸಿಕೊಳ್ಳುವ ಕೆಲಸವೇ ಅಲ್ಲಿಲ್ಲ.

ಖಾಲಿ ಫ್ರೇಮಿಗೆ ತೊಂದರೆಗಳೂ ಇವೆ, ಮುಚ್ಚಿಡುವುದಿಲ್ಲ. ಹೊಸ ಎರಿ ಬಲು ಮೆತ್ತಗೆ. ಮೊದಲ ಸಲ ನಾನು ಅಭ್ಯಾಸದಂತೆ ಫ್ರೇಮನ್ನು ಅಡ್ಡಕ್ಕೆ ತಿರುಗಿಸಿದೆ, ಅಂಗೈಯಗಲದ ಎರಿ ಮುರಿದು ಬಿತ್ತು, ಒಳಗೆ ಮೊಟ್ಟೆಗಳಿದ್ದವು. ಅದನ್ನು ನೆನೆಸಿಕೊಂಡರೆ ಈಗಲೂ ಸಂಕಟ. ಮೇಲಿನ ಪಟ್ಟಿಯನ್ನು ಮೇಲೆಯೇ ಇಟ್ಟುಕೊಂಡು, ಪುಸ್ತಕದ ಹಾಳೆ ತಿರುಗಿಸಿದ ಹಾಗೆ ಮಾತ್ರ ತಿರುಗಿಸಬೇಕು. ಪೆಟ್ಟಿಗೆ ಅಡ್ಡಡ್ಡಲಾಗಿ ಪೂರ್ತಿ ಸಮನಾಗಿ ಕೂರಬೇಕು, ಯಾಕೆಂದರೆ ಹುಳುಗಳು ಭೂಮಿಯ ಸೆಳೆತ ನೋಡಿಕೊಂಡು ನೆಟ್ಟಗೆ ಕೆಳಕ್ಕೆ ಕಟ್ಟುತ್ತವೆ. ಪೆಟ್ಟಿಗೆ ವಾಲಿದ್ದರೆ ಎರಿ ಫ್ರೇಮಿನಿಂದ ಆಚೆ ಹೋಗಿ ಪಕ್ಕದ್ದಕ್ಕೆ ಅಂಟುತ್ತದೆ. ತಂತಿ ಇಲ್ಲದ ಇಂಥ ಎರಿಯನ್ನು ಜೇನು ತೆಗೆಯುವ ಯಂತ್ರದಲ್ಲಿ ತಿರುಗಿಸಬೇಡಿ, ಪುಡಿಯಾಗುತ್ತದೆ. ಗಂಡು ಜೇನಿನ ಕಣವೂ ಹಾಳೆಯ ಫ್ರೇಮಿಗಿಂತ ಜಾಸ್ತಿ ಇರುತ್ತದೆ.

ಅಂಕ ಕೊಡುವುದಾದರೆ ಅಪ್ಪಟ ಮೇಣದ ಹಾಳೆಗೆ 5ಕ್ಕೆ 4. ಒಂದು ಅಂಕ ಕಳೆದದ್ದು ಕಟ್ಟಿನ ಮೇಲಿನ ಆ ಸಾಲಿಗೆ. ಪ್ಲಾಸ್ಟಿಕ್ಕಿಗೆ 3, ಅದೂ ಮೇಣ ಬಳಿದ ಮೇಲೆ. ಖಾಲಿ ಫ್ರೇಮಿಗೆ ನಾನು 5 ಕೊಡುತ್ತೇನೆ, ಆದರೆ ಒಂದು ಪೆಟ್ಟಿಗೆಗೆ ಒಂದೇ ಸಾಕು, ಎರಡೂ ಪಕ್ಕದಲ್ಲಿ ನೇರ ಎರಿ ಇರುವ ಜಾಗದಲ್ಲೇ ಇಡಿ. ತುಪ್ಪಕ್ಕಾಗಿ ಯಂತ್ರ ಬಳಸುವವರು ಜೇನು ಕೋಣೆಗೆ (ಹುಳುಗಳು ತುಪ್ಪ ಕೂಡಿಡುವ ಮೇಲಿನ ಅಂತಸ್ತಿಗೆ) ತಂತಿ ಬಿಗಿದ ಮೇಣದ ಹಾಳೆಯನ್ನೇ ಹಾಕಿ.

ಕೊಳ್ಳುವವರಿಗೆ ಇನ್ನೆರಡು ಮಾತು. ಹಾಳೆಯನ್ನು ಫ್ರೇಮಿಗೆ ಕೂರಿಸುವಾಗ ಷಡ್ಭುಜದ ಒಂದು ಮೂಲೆ ಮೇಲಕ್ಕೆ, ಎರಡು ಬದಿ ನೆಟ್ಟಗೆ ಬರುವ ಹಾಗೆ ನೋಡಿಕೊಳ್ಳಿ, ಹುಳುಗಳು ತಾವಾಗಿ ಕಟ್ಟಿದಾಗ ಹೆಚ್ಚಾಗಿ ಹಾಗೇ ಇರುತ್ತದೆ. ಚಳಿಯಲ್ಲಿ ಹಾಳೆ ಗಾಜಿನ ಹಾಗೆ ಚಟಕ್ಕನೆ ಮುರಿಯುತ್ತದೆ, ಬಿಚ್ಚುವ ಮುಂಚೆ ಕಟ್ಟನ್ನು ಒಂದೆರಡು ಗಂಟೆ ಬೆಚ್ಚಗಿನ ಕೋಣೆಯಲ್ಲಿ ಇಡಿ. ಉಳಿದ ಹಾಳೆಗಳನ್ನು ಕಾಗದದಲ್ಲಿ ಸುತ್ತಿ, ಚಪ್ಪಟೆಯಾಗಿ ಮಲಗಿಸಿ, ಬಿಸಿಲು ತಾಗದ ಕಡೆ ಎತ್ತಿಡಿ. ಮುರಿದ ಚೂರುಗಳನ್ನು ಎಸೆಯಬೇಡಿ. ಬೆರಳಗಲ ಕತ್ತರಿಸಿದರೆ ಮುಂದಿನ ಖಾಲಿ ಫ್ರೇಮಿನ ಮೇಲ್ಪಟ್ಟಿಗೆ ಅದೇ ಆಗುತ್ತದೆ.